ಗಣಿತ ವಿದುಷಿ ಸೋಫಿ ಜರ್ಮೇನ್

ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ ನಗರದಲ್ಲಿ, ಅನುಕೂಲಸ್ಥ ವರ್ತಕರ ಮನೆಯಲ್ಲಿ, 1776ನೇ ಇಸವಿ ಏಪ್ರಿಲ್ 1ರಂದು ಸೋಫಿ ಜರ್ಮೇನ್ ಜನಿಸಿದಳು. ಆಕೆಗೆ ಹದಿಮೂರು ತುಂಬಿದ ವರ್ಷವೇ ಅಲ್ಲಿ ಮಹಾಕ್ರಾಂತಿ ಆರಂಭವಾಯಿತು. ಬೀದಿಗಳಲ್ಲಿ ಗಲಭೆ, ಹೆಣ್ಣುಮಗು ಹೊರಗೆ ಕಾಲಿಡುವಂತಿರಲಿಲ್ಲ. ತಂದೆಯ ಪುಸ್ತಕದ ಕೋಣೆಯಲ್ಲಿ ಕುಳಿತು ಆಕೆ ಆರ್ಕಿಮಿಡೀಸನ ಮರಣದ ಕಥೆಯನ್ನು ಓದಿದಳು. ರೇಖಾಗಣಿತದಲ್ಲಿ ಮುಳುಗಿಹೋಗಿದ್ದ ಆ ವೃದ್ಧನಿಗೆ ಶತ್ರು ಸೈನಿಕ ಬಳಿ ಬಂದು ನಿಂತದ್ದೂ ಅರಿವಾಗಲಿಲ್ಲವಂತೆ. ಪ್ರಾಣಭಯವನ್ನೂ ಮರೆಸುವ ಈ ವಿದ್ಯೆ ಎಂಥದಿರಬಹುದು ಎಂಬ ಕುತೂಹಲ ಹುಡುಗಿಯ ಮನಸ್ಸಿನಲ್ಲಿ ಬೇರೂರಿತು.

ಹೆತ್ತವರಿಗೆ ಇದು ಸರಿಬರಲಿಲ್ಲ. ರಾತ್ರಿ ಓದಬಾರದೆಂದು ಮೇಣದ ಬತ್ತಿಗಳನ್ನು ಕಸಿದುಕೊಂಡರು, ಕೋಣೆಯ ಬೆಂಕಿಯನ್ನು ಆರಿಸಿದರು, ಬೆಚ್ಚನೆಯ ಉಡುಪುಗಳನ್ನೂ ಎತ್ತಿಟ್ಟರು. ಆಕೆ ಹೊದಿಕೆ ಸುತ್ತಿಕೊಂಡು, ಬಚ್ಚಿಟ್ಟ ಬತ್ತಿಯ ಬೆಳಕಿನಲ್ಲಿ ಓದಿದಳು. ಚಳಿಗೆ ಕುಡಿಕೆಯ ಮಸಿ ಹೆಪ್ಪುಗಟ್ಟಿತ್ತು. ಕೊನೆಗೆ ಸೋತವರು ಹೆತ್ತವರೇ. ಮುಂದೆ ಆಕೆಯ ಖರ್ಚುವೆಚ್ಚವನ್ನೆಲ್ಲ ನೋಡಿಕೊಂಡವರು ಅದೇ ತಂದೆ ಎಂಬುದನ್ನು ಪೋಷಕರೂ ಗಮನಿಸಬೇಕೆಂದು ನಮ್ಮ ಆಸೆ.

1794ರಲ್ಲಿ ಪ್ಯಾರಿಸಿನಲ್ಲಿ ಪಾಲಿಟೆಕ್ನಿಕ್ ವಿದ್ಯಾಲಯ ಸ್ಥಾಪನೆಯಾಯಿತು. ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಸೋಫಿ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಕಲಿತಳು. ಲ ಬ್ಲಾಂಕ್ ಎಂಬ ಗಂಡು ಹೆಸರಿನಲ್ಲಿ ಪ್ರೊಫೆಸರ್ ಲಗ್ರಾಂಜ್ ಅವರಿಗೆ ತನ್ನ ಬರಹವನ್ನು ಕಳುಹಿಸಿದಳು. ನಿಜ ತಿಳಿದ ಮೇಲೂ ಆ ಮಹಾಗಣಿತಜ್ಞರು ಆಕೆಯನ್ನು ಮೆಚ್ಚಿ ಪ್ರೋತ್ಸಾಹಿಸಿದರು.

ಇನ್ನು ಆಕೆಯ ಮುಖ್ಯ ಸಾಧನೆಗೆ ಬರೋಣ. ಅಡಿಕೋಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಚಾಚಿದ ತುದಿಯನ್ನು ಮೀಟಿ ಟರ್ರೆನ್ನಿಸುವ ವಿದ್ಯೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. (ಪಾಠದ ನಡುವೆ ಬೇಡ!) ಹೀಗೆ ಮೀಟಿ ಬಿಟ್ಟ ವಸ್ತು ತನ್ನಷ್ಟಕ್ಕೆ ಸೆಕೆಂಡಿಗೆ ಎಷ್ಟು ಸಲ ಅದುರುವುದೋ ಅದೇ ಅದರ ಸಹಜ ಆವೃತ್ತಿ. ತಂತಿಯನ್ನು ಅರ್ಧಕ್ಕೆ ಇಳಿಸಿದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಅಡಿಕೋಲಿನ ಚಾಚನ್ನು ಅರ್ಧ ಮಾಡಿದರೆ ನಾಲ್ಕು ಪಟ್ಟು. ಅದೇ ಪಟ್ಟಿ ಎರಡನೆಯ ಬಗೆಯಲ್ಲಿ, ಅಂದರೆ ನಡುವೆ ಒಂದು ಬಿಂದು ನಿಶ್ಚಲವಾಗಿ ಉಳಿಯುವಂತೆ, ಅದುರಿದರೆ ಆವೃತ್ತಿ ಮೊದಲನೆಯದರ ಸುಮಾರು ಆರೂಕಾಲು ಪಟ್ಟು. ಇವೆಲ್ಲ ಆಯ್ಲರ್ ಮತ್ತು ಡೇನಿಯಲ್ ಬರ್ನೂಲಿ ಎಂಬ ಗಣಿತಜ್ಞರು ಹದಿನೆಂಟನೆಯ ಶತಮಾನದಲ್ಲೇ ಹಾಕಿಕೊಟ್ಟ ದಾರಿಯಿಂದ ಬರುವ ಲೆಕ್ಕಗಳು.

ಆದರೆ ಪಟ್ಟಿ ಬಾಗುವುದು ಒಂದೇ ದಿಕ್ಕಿನಲ್ಲಿ. ಅಗಲವಾದ ತಗಡು ಎರಡು ದಿಕ್ಕಿನಲ್ಲೂ ಬಾಗುತ್ತದೆ. ಜರ್ಮನಿಯ ಕ್ಲಾಡ್ನಿ ತಗಡಿನ ಮೇಲೆ ಮರಳು ಚೆಲ್ಲಿ, ಅಂಚನ್ನು ಪಿಟೀಲಿನ ಕಮಾನಿನಿಂದ ಉಜ್ಜುತ್ತಿದ್ದ. ಅದುರದ ಜಾಗಗಳಲ್ಲಿ ಮರಳು ಸೇರಿ, ರಂಗೋಲಿಯಂಥ ಗೆರೆಗಳು ಮೂಡುತ್ತಿದ್ದವು. 1809ರಲ್ಲಿ ನೆಪೋಲಿಯನ್ ಚಕ್ರವರ್ತಿ ಇದನ್ನು ಕಂಡು ಬೆರಗಾದ. ಈ ಗೆರೆಗಳಿಗೆ ಗಣಿತದ ಸಿದ್ಧಾಂತ ಕೊಟ್ಟು, ಅದನ್ನು ಪ್ರಯೋಗದೊಡನೆ ತಾಳೆ ನೋಡಿದವರಿಗೆ ಬಹುಮಾನವೆಂದು ಪ್ಯಾರಿಸಿನ ವಿದ್ವತ್ ಸಂಸ್ಥೆ ಸಾರಿತು.

1811ರಲ್ಲಿ ಬಂದದ್ದು ಒಂದೇ ಪ್ರಬಂಧ, ಸೋಫಿಯದು. ಅದರಲ್ಲಿ ತಪ್ಪಿತ್ತು, ಪರೀಕ್ಷಕರಲ್ಲೊಬ್ಬರಾದ ಲಗ್ರಾಂಜ್ ಅವರೇ ಸಮೀಕರಣವನ್ನು ತಿದ್ದಿದರು. ಗಡುವು ಮುಂದಕ್ಕೆ ಹೋಯಿತು. 1813ರಲ್ಲಿ ಆಕೆ, ತಿದ್ದಿದ ಸಮೀಕರಣದಿಂದ ಬಂದ ಉತ್ತರಗಳು ಮರಳಿನ ಗೆರೆಗಳಿಗೆ ಹಲವು ಸಂದರ್ಭಗಳಲ್ಲಿ ಹೊಂದುತ್ತವೆಂದು ತೋರಿಸಿದಳು. ಸಮೀಕರಣ ಹೇಗೆ ಬಂತೆಂಬುದಕ್ಕೆ ಆಧಾರ ಸಾಲದೆಂದು ಕೇವಲ ಗೌರವದ ಉಲ್ಲೇಖ ದೊರೆಯಿತು. ಆಕೆ ಮತ್ತೆ ಬರೆದಳು. 1816ರ ಜನವರಿ 8ರಂದು ಬಹುಮಾನ ಆಕೆಯದಾಯಿತು. ಆಗಲೂ ಪರೀಕ್ಷಕರ ಸಂದೇಹ ಪೂರ್ತಿ ತೀರಿರಲಿಲ್ಲ. ಸಮಾರಂಭಕ್ಕೆ ಆಕೆ ಹೋಗಲಿಲ್ಲ. 1821ರಲ್ಲಿ ಸ್ವಂತ ಖರ್ಚಿನಿಂದ ತನ್ನ ಸಂಶೋಧನೆಯನ್ನು ಅಚ್ಚು ಹಾಕಿಸಿದಳು.

ಅಂಕಗಣಿತದಲ್ಲೂ ಆಕೆಯ ಕೆಲಸ ದೊಡ್ಡದು. ಅದನ್ನು ಹೇಳಲು ಇನ್ನೊಂದು ಲೇಖನವೇ ಬೇಕು. ಎದೆಯ ಕ್ಯಾನ್ಸರಿನಿಂದ ನರಳುತ್ತಲೂ ಬರೆಯುತ್ತಿದ್ದ ಸೋಫಿ 1831ರ ಜೂನ್ 27ರಂದು ತೀರಿಕೊಂಡಳು. ಮರಣದ ದಾಖಲೆಯಲ್ಲಿ ಆಕೆಯನ್ನು ಗಣಿತಜ್ಞೆ ಎಂದು ಬರೆಯಲಿಲ್ಲ, ಆಸ್ತಿಯ ಆದಾಯದಿಂದ ಬಾಳುವವಳು ಎಂದು ಬರೆದರು.

ತಗಡಿನ ಅಂಚುಗಳ ವಿಷಯದಲ್ಲಿ ಆಕೆಯ ಲೆಕ್ಕ ಎಡವಿತ್ತು. ಅದನ್ನು ಕಿರ್ಚಾಫ್ 1850ರಲ್ಲಿ ಸರಿಪಡಿಸಿದ. ಈಗ ಸೇತುವೆ, ವಿಮಾನದ ರೆಕ್ಕೆಗಳ ಅದುರುವಿಕೆಯನ್ನು ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಹೊಸ ಲೆಕ್ಕದ ಕ್ರಮವನ್ನು ನಂಬುವ ಮೊದಲು ಒಂದು ಸಾಧಾರಣ ಪಟ್ಟಿಯನ್ನು ಅದರಲ್ಲಿ ಅದುರಿಸಿ, ಬಂದ ಆವೃತ್ತಿಯನ್ನು ಸಿದ್ಧಾಂತದ ಆವೃತ್ತಿಯೊಡನೆ ತಾಳೆ ನೋಡುವ ವಾಡಿಕೆಯುಂಟು. ತಾಳೆಯಾಗದಿದ್ದರೆ ಮೊದಲು ಕ್ರಮವನ್ನು ತಿದ್ದಬೇಕು. ಸೇತುವೆಯ ಲೆಕ್ಕ ಆಮೇಲೆ.