ಕ್ಯೂಗೆ ಲೆಕ್ಕ ಹಾಕಿದ ಮೇಷ್ಟ್ರು

1999ರಲ್ಲಿ ಡಿಸ್ನಿ ವರ್ಲ್ಡ್‌ಗೆ ಫಾಸ್ಟ್‌ಪಾಸ್ ಬಂತು. ಹೆಚ್ಚಿಗೆ ದುಡ್ಡು ಕೊಡದೆ ಚೀಟಿ ತಗೊಂಡು, ಅದರಲ್ಲಿರೋ ಸಮಯಕ್ಕೆ ವಾಪಸ್ ಬಂದ್ರೆ ಉದ್ದ ಕ್ಯೂ ತಪ್ಪುತ್ತಿತ್ತು. ಆದರೆ ಕಾಯೋದನ್ನ ಗಣಿತಕ್ಕೆ ತಂದವರು ಅದಕ್ಕೂ 90 ವರ್ಷ ಹಿಂದಿನವರು: ಆಗ್ನರ್ ಎರ್ಲಾಂಗ್.

ಎರ್ಲಾಂಗ್ 1878ರ ಜನವರಿ 1ರಂದು ಡೆನ್ಮಾರ್ಕಿನ ಹಳ್ಳಿಯೊಂದರಲ್ಲಿ ಶಾಲಾ ಮೇಷ್ಟ್ರ ಮಗನಾಗಿ ಹುಟ್ಟಿದರು. 1901ರಲ್ಲಿ ಕೋಪನ್‌ಹೇಗನ್‌ನಲ್ಲಿ ಗಣಿತ ಪದವಿ ಮುಗಿಸಿ, ಕೆಲ ವರ್ಷ ತಾವೂ ಪಾಠ ಮಾಡಿದರು. 1908ರಲ್ಲಿ ಅಲ್ಲಿನ ಟೆಲಿಫೋನ್ ಕಂಪನಿ ಸೇರಿದರು. ಅಲ್ಲಿದ್ದ ಪ್ರಶ್ನೆ: ಎಷ್ಟು ಲೈನ್ ಹಾಕಬೇಕು? ಜಾಸ್ತಿ ಹಾಕಿದ್ರೆ ಖರ್ಚು, ಕಮ್ಮಿ ಹಾಕಿದ್ರೆ ಜನ ಕಾಯ್ಬೇಕು. ಕರೆಗಳು ಪಾಯ್ಸಾನ್ ವಿತರಣೆಯಂತೆ ಬರುತ್ತವೆಂದು 1909ರಲ್ಲಿ ತೋರಿಸಿದರು. 1917ರಲ್ಲಿ ಕಾಯುವಿಕೆಗೇ ಸೂತ್ರ ಕೊಟ್ಟರು. ಅದರ ಸಾರ ಇಷ್ಟೆ: ವ್ಯವಸ್ಥೆ ತುಂಬುತ್ತಾ ಬಂದಾಗ ನಾಲ್ಕು ಜನ ಹೆಚ್ಚಿದ್ರೂ ಕಾಯೋ ಹೊತ್ತು ವಿಪರೀತ ಏರುತ್ತೆ.

1929ರಲ್ಲಿ, ಬರೀ 51ನೇ ವಯಸ್ಸಿಗೆ ತೀರಿಕೊಂಡರು. ಟೆಲಿಫೋನ್ ದಟ್ಟಣೆಯ ಅಳತೆಗೆ ಇವತ್ತಿಗೂ ಅವರದೇ ಹೆಸರು.

ಅವರ ಲೆಕ್ಕದಲ್ಲಿ ನೋಡಿದ್ರೆ, ಫಾಸ್ಟ್‌ಪಾಸ್‌ನಿಂದ ರೈಡ್‌ಗೆ ಒಂದು ಸೀಟೂ ಹೆಚ್ಚಲಿಲ್ಲ. ಚೀಟಿ ಇದ್ದೋರು ಬೇಗ ಹತ್ತಿದಷ್ಟೂ, ಇಲ್ಲದೋರು ಇನ್ನಷ್ಟು ನಿಂತರು. ಮುಂದೆ ನಾವು ಕ್ಯೂ ತಪ್ಪಿಸೋ ಆ್ಯಪ್ ಕಟ್ಟುವಾಗ, ಆ ನಿಂತವರನ್ನೂ ಲೆಕ್ಕಕ್ಕೆ ತಗೊಳ್ಳೋಣ.