ಕ್ಷಮಾಶೀಲ ನ್ಯಾಯವಾದಿ ಅಣ್ಣಾಸಾಹೇಬ ಲಠ್ಠೆ

ದಶಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ದಶಲಕ್ಷಣ ಪರ್ವದ ಮೊದಲ ದಿನ ಬಸದಿಯಲ್ಲಿ ಕುಳಿತು ಅದನ್ನು ಪೂಜಿಸುವುದು ಸುಲಭ. ಆದರೆ ವಾದ-ಪ್ರತಿವಾದಗಳ ನಡುವೆ, ಅಧಿಕಾರ ಮತ್ತು ಅಪವಾದಗಳ ನಡುವೆ ಬಾಳುವ ವಕೀಲನೊಬ್ಬನು ಅದನ್ನು ನಡತೆಯಲ್ಲಿ ತರುವುದು ಬಹು ಕಠಿಣ. ಹಾಗೆ ನಡೆದು ತೋರಿದ ಶ್ರಾವಕರತ್ನರು ದಿವಂಗತ ಅಣ್ಣಾ ಬಾಬಾಜಿ ಲಠ್ಠೆಯವರು. ಜನರು ಅವರನ್ನು ಗೌರವದಿಂದ ಅಣ್ಣಾಸಾಹೇಬರೆಂದೇ ಕರೆಯುತ್ತಿದ್ದರು.

ಅಣ್ಣಾಸಾಹೇಬರು 1878ರಲ್ಲಿ ಕೃಷ್ಣಾ-ಪಂಚಗಂಗೆಯರ ಸಂಗಮಕ್ಕೆ ಸಮೀಪದ ಕುರುಂದವಾಡದಲ್ಲಿ ಜನ್ಮವೆತ್ತಿದರು. ಆ ಸೀಮೆಯ ಜೈನರಲ್ಲಿ ಬಹುಪಾಲು ಜನ ಒಕ್ಕಲುತನದವರು. ಉಳಿದವರು ಸಣ್ಣಪುಟ್ಟ ವ್ಯಾಪಾರಸ್ಥರು. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಚತುರ್ಥ, ಪಂಚಮ ಮೊದಲಾದ ಒಳಪಂಗಡಗಳ ಭೇದ ಬಲವಾಗಿತ್ತು. ಶಾಲೆಯ ಮೆಟ್ಟಿಲು ಹತ್ತಿದವರು ವಿರಳ. ಅಂತಹ ಸಮಾಜದಿಂದ ಹೊರಟ ಈ ತರುಣನು ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿಯನ್ನೂ ಕಾನೂನು ಪದವಿಯನ್ನೂ ಪಡೆದದ್ದು ಅಂದು ಸಣ್ಣ ಸಂಗತಿಯಾಗಿರಲಿಲ್ಲ.

ಇಷ್ಟು ವಿದ್ಯೆ ಗಳಿಸಿದವರು ತಮ್ಮ ಸುಖವನ್ನಷ್ಟೇ ನೋಡಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಣ್ಣಾಸಾಹೇಬರು ಹಾಗೆ ಮಾಡಲಿಲ್ಲ. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಗೊಂಡಿತು. ಇದೇ ಮುಂದೆ ದಕ್ಷಿಣ ಭಾರತ ಜೈನ ಸಭೆ ಎಂಬ ಹೆಸರು ಪಡೆಯಿತು. ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ ಶ್ರಾವಕರು ನೆರೆದಾಗ ಸಭೆಯ ಅಧಿವೇಶನಗಳು ಜರುಗುತ್ತಿದ್ದವು. ಒಳಪಂಗಡಗಳನ್ನು ಒಂದುಗೂಡಿಸುವುದು, ಮಕ್ಕಳಿಗೆ ವಿದ್ಯೆ ಕೊಡಿಸುವುದು ಸಭೆಯ ಮುಖ್ಯ ಧ್ಯೇಯಗಳಾಗಿದ್ದವು. ಈ ಕಾರ್ಯಕ್ಕೆ ಅಣ್ಣಾಸಾಹೇಬರು ತಾರುಣ್ಯದಲ್ಲಿಯೇ ಹೆಗಲು ಕೊಟ್ಟರು. ಇಂಗ್ಲಿಷ್ ಬಲ್ಲವರಿಗೆ ಜೈನಧರ್ಮದ ತಿರುಳನ್ನು ತಿಳಿಸುವ ಪರಿಚಯ ಗ್ರಂಥವೊಂದನ್ನು ರಚಿಸಿ 1905ರಲ್ಲಿ ಪ್ರಕಟಿಸಿದರು. ಹಳ್ಳಿಯ ಹುಡುಗರು ಪಟ್ಟಣದಲ್ಲಿದ್ದು ಓದಲು ಬೇಕಾದ ವಿದ್ಯಾರ್ಥಿ ನಿಲಯಗಳ ಏಳಿಗೆಗಾಗಿ ಶ್ರಮಿಸಿದರು.

ಅಂದು ಕೊಲ್ಹಾಪುರವನ್ನು ಆಳುತ್ತಿದ್ದವರು ಛತ್ರಪತಿ ಶಾಹು ಮಹಾರಾಜರು. ಹಿಂದುಳಿದವರ ಶಿಕ್ಷಣಕ್ಕೆ ಆಶ್ರಯವಿತ್ತ ಆ ಅರಸರ ಸಂಸ್ಥಾನದಲ್ಲಿ ಅಣ್ಣಾಸಾಹೇಬರು ರಾಜಾರಾಮ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಅನಂತರ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಅಲ್ಲಿನ ಜೈನ ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆಯೂ ಅವರದಾಗಿತ್ತು. ಕುಂಭೋಜದಲ್ಲಿ ಜನಿಸಿದ ಭಾವೂರಾವ ಪಾಟೀಲರು ಆ ನಿಲಯದಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯರಿಗಾಗಿ ತೆರೆದ ವಿದ್ಯಾರ್ಥಿ ನಿಲಯದ ಸಮಾರಂಭಕ್ಕೆ ಹೋಗಿ ಬಂದ ಅವರು ಸ್ನಾನ ಮಾಡಿ ಒಳಬರಬೇಕೆಂಬ ಕಟ್ಟಳೆಯನ್ನು ಒಪ್ಪಲಿಲ್ಲ. ಆ ಕಾರಣಕ್ಕೆ ಅವರು ನಿಲಯವನ್ನು ಬಿಡಬೇಕಾಯಿತು. ನಿಯಮದ ಪಕ್ಷದಲ್ಲಿ ಅಣ್ಣಾಸಾಹೇಬರಿದ್ದರು. ಧರ್ಮದ ಪಕ್ಷದಲ್ಲಿ ಆ ಹುಡುಗನಿದ್ದನೆಂದು ಕಾಲವೇ ತೀರ್ಪು ಕೊಟ್ಟಿದೆ.

1914ರಲ್ಲಿ ಕೊಲ್ಹಾಪುರದಲ್ಲಿದ್ದ ಏಳನೆಯ ಎಡ್ವರ್ಡ್ ದೊರೆ ಮತ್ತು ಅಲೆಕ್ಸಾಂಡ್ರಾ ರಾಣಿಯರ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದರು. ಸಂಶಯವು ಅಣ್ಣಾಸಾಹೇಬರ ಮೇಲೆ ಬಿತ್ತು. ಅವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯಬೇಕೆಂದು ಭಾವೂರಾವರನ್ನು ಬಂಧಿಸಿ ಹಿಂಸಿಸಲಾಯಿತು. ತಮ್ಮನ್ನು ನಿಲಯದಿಂದ ಹೊರಗೆ ಹಾಕಿದವರ ಮೇಲೆ ಹಗೆ ತೀರಿಸಿಕೊಳ್ಳಲು ಅದಕ್ಕಿಂತ ಅನುಕೂಲವಾದ ಸಂದರ್ಭ ಬೇರೆ ಬೇಕಿರಲಿಲ್ಲ. ಆದರೆ ಭಾವೂರಾವರು ಪ್ರಾಣ ಬಿಡಲು ಸಿದ್ಧರಾದರೇ ಹೊರತು ಸತ್ಯವನ್ನು ಬಿಡಲಿಲ್ಲ. ಈ ಭಾವೂರಾವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಲಕ್ಷಾಂತರ ಬಡಮಕ್ಕಳಿಗೆ ವಿದ್ಯಾದಾನ ಮಾಡಿದ ಕರ್ಮವೀರರು.

ಅಪವಾದದ ನೆರಳಿನಲ್ಲಿ ಅಣ್ಣಾಸಾಹೇಬರು ಕೊಲ್ಹಾಪುರವನ್ನು ತೊರೆದು ಬೆಳಗಾವಿಗೆ ಬಂದು ವಕೀಲಿ ವೃತ್ತಿಯನ್ನು ಕೈಗೊಂಡರು. ನೌಕರಿ ಹೋಯಿತು, ಕಟ್ಟಿ ಬೆಳೆಸಿದ ಕಾರ್ಯಕ್ಷೇತ್ರ ದೂರವಾಯಿತು. ನಡುವಯಸ್ಸು ಸಮೀಪಿಸುತ್ತಿರುವಾಗ ಹೊಸ ಊರಿನಲ್ಲಿ ಹೊಸದಾಗಿ ಹೆಸರು ಗಳಿಸಬೇಕಾಯಿತು. ಬೆಳಗಾವಿಯ ನ್ಯಾಯಾಲಯದಲ್ಲಿ ವೃತ್ತಿ ನಡೆಸುತ್ತಲೇ ಅವರು ಬ್ರಾಹ್ಮಣೇತರ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. 1920ರ ಚುನಾವಣೆಯಲ್ಲಿ ಗೆದ್ದು ಕೇಂದ್ರ ಶಾಸನಸಭೆಯ ಸದಸ್ಯರಾದರು.

ಶಾಹು ಮಹಾರಾಜರು 1922ರಲ್ಲಿ ಕಾಲವಾದರು. ಅವರ ಸಂಸ್ಥಾನದಿಂದ ಸಂಶಯಕ್ಕೆ ಗುರಿಯಾಗಿ ಹೊರಬಂದಿದ್ದ ವ್ಯಕ್ತಿಯೇ ಎರಡು ವರ್ಷಗಳ ತರುವಾಯ, 1924ರಲ್ಲಿ, ಅವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ತಮಗಾದ ನೋವನ್ನು ಒಂದು ತಟ್ಟೆಯಲ್ಲಿಯೂ ದೀನರಿಗೆ ಆ ಅರಸರು ಮಾಡಿದ ಉಪಕಾರವನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗಿದಾಗ, ಉಪಕಾರದ ತಟ್ಟೆಯೇ ಅವರಿಗೆ ಭಾರವಾಗಿ ಕಂಡಿತು. ಮುಂದೆ ರಾಜಾರಾಮ ಮಹಾರಾಜರ ಆಳ್ವಿಕೆಯಲ್ಲಿ ಅದೇ ಕೊಲ್ಹಾಪುರದ ದಿವಾನ ಪದವಿಯು ಅವರನ್ನು ಅರಸಿ ಬಂದಿತು. ಕ್ಷಮೆಯು ದುರ್ಬಲನ ಮೌನವಲ್ಲ, ಸಮರ್ಥನ ಆಭರಣವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

1937ರಲ್ಲಿ ಬಾಳಾಸಾಹೇಬ ಖೇರರ ನಾಯಕತ್ವದಲ್ಲಿ ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾದಾಗ ಅಣ್ಣಾಸಾಹೇಬರು ಅರ್ಥಮಂತ್ರಿಗಳಾದರು. ಕಾಂಗ್ರೆಸ್ ಮಂತ್ರಿಗಳಿಗೆ ಅಂದು ಗೊತ್ತುಪಡಿಸಿದ್ದ ಮಾಸಿಕ ವೇತನ 500 ರೂಪಾಯಿ. ಪಾನನಿರೋಧವನ್ನು ಜಾರಿಗೆ ತರಲು ಸರಕಾರ ಸಂಕಲ್ಪಿಸಿತು. ಮದ್ಯದ ಸುಂಕದಿಂದ ಬರುತ್ತಿದ್ದ ದೊಡ್ಡ ಆದಾಯವನ್ನು ಕಳೆದುಕೊಂಡು ರಾಜ್ಯ ನಡೆಸುವುದು ಹೇಗೆಂಬ ಹೊಣೆ ಅರ್ಥಮಂತ್ರಿಗಳ ಮೇಲೆ ಬಿತ್ತು. 1939ರಲ್ಲಿ ಮುಂಬಯಿ ನಗರದ ಕಟ್ಟಡಗಳ ಬಾಡಿಗೆ ಮೌಲ್ಯದ ಮೇಲೆ ಶೇಕಡಾ 10ರಷ್ಟು ತೆರಿಗೆಯನ್ನು ವಿಧಿಸಲಾಯಿತು. ಆಸ್ತಿವಂತರು ಪ್ರಬಲವಾಗಿ ವಿರೋಧಿಸಿದರೂ ಸರಕಾರ ಹಿಂಜರಿಯಲಿಲ್ಲ. ಆ ವರ್ಷದ ಆಗಸ್ಟ್ 1ರಂದು ಮುಂಬಯಿಯಲ್ಲಿ ಪಾನನಿರೋಧ ಜಾರಿಗೆ ಬಂದಿತು. ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಒಂದು. ಮನೆಯೊಳಗಿನ ಆ ವ್ರತಕ್ಕೆ ರಾಜ್ಯದ ಲೆಕ್ಕಪತ್ರದಲ್ಲಿ ಸ್ಥಾನ ಕಲ್ಪಿಸುವ ಭಾಗ್ಯ ಜೈನ ಮಂತ್ರಿಯೊಬ್ಬರಿಗೆ ಒದಗಿದ್ದು ವಿಶೇಷ. ಭಾರತದ ಅಭಿಪ್ರಾಯ ಕೇಳದೆ ಬ್ರಿಟಿಷ್ ಸರಕಾರ ದೇಶವನ್ನು ಮಹಾಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಅದೇ ವರ್ಷ ಮಂತ್ರಿಮಂಡಲ ರಾಜೀನಾಮೆ ನೀಡಿತು.

1950ರಲ್ಲಿ ಅಣ್ಣಾಸಾಹೇಬರು ಇಹಲೋಕದ ಯಾತ್ರೆಯನ್ನು ಮುಗಿಸಿದರು. ಸಾಂಗಲಿಯ ಲಠ್ಠೆ ಎಜ್ಯುಕೇಶನ್ ಸೊಸಾಯಟಿ ಅವರ ಹೆಸರನ್ನು ಧರಿಸಿದೆ.

ಪಂಚಕಲ್ಯಾಣದ ವಿಧಿಯಿಂದ ಶಿಲೆಯು ಪೂಜ್ಯ ಬಿಂಬವಾಗುತ್ತದೆ. ಮನುಷ್ಯನು ಪೂಜ್ಯನಾಗಲು ನಡತೆಯೇ ವಿಧಿ. ಒಬ್ಬರು ಶಿಕ್ಷೆ ವಿಧಿಸಿದವರು, ಇನ್ನೊಬ್ಬರು ಶಿಕ್ಷೆಗೊಳಗಾದವರು. ಸಂಕಟ ಬಂದಾಗ ಇಬ್ಬರೂ ಹಗೆಯನ್ನು ಬದಿಗಿರಿಸಿ ಸತ್ಯವನ್ನೇ ಹಿಡಿದರು. ಬಸದಿಯ ಹೊಸ್ತಿಲು ದಾಟಿ ಮನೆಗೆ ಮರಳುವ ಶ್ರಾವಕನು ತನ್ನೊಡನೆ ಒಯ್ಯಬೇಕಾದ ಪ್ರಸಾದವೂ ಅದೇ.