ಸಿದ್ದಾಪುರದ ಬಂಡೆ, ಬೆಳಗೊಳದ ಬಸದಿ: ಶಾಸನ ಪಿತಾಮಹ ಬಿ.ಎಲ್. ರೈಸ್

ಶ್ರವಣಬೆಳಗೊಳದ ಊರೊಳಗಿರುವ ಭಂಡಾರಿ ಬಸದಿಯನ್ನು 1159ರಲ್ಲಿ ಹೊಯ್ಸಳರ ಭಂಡಾರಿ ಹುಳ್ಳ ಕಟ್ಟಿಸಿದನು. ಅಕ್ಕನ ಬಸದಿಯನ್ನು 1181ರಲ್ಲಿ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ ಕಟ್ಟಿಸಿದಳು. ಇದನ್ನು ನಮಗೆ ತಿಳಿಸಿದ್ದು ಶಾಸನಗಳು. ಬೆಳಗೊಳದ ಶಾಸನಗಳನ್ನು ಮೊದಲು ಒಂದು ಸಂಪುಟವಾಗಿ ತಂದವರು ಬೆಂಜಮಿನ್ ಲೂಯಿ ರೈಸ್ ಅವರು.

ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಕ್ರೈಸ್ತ ಮಿಷನರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಶಿಕ್ಷಣ ಇಲಾಖೆಯ ಕೆಲಸಕ್ಕಾಗಿ ಹಳ್ಳಿಹಳ್ಳಿ ತಿರುಗುವಾಗ ಕಲ್ಬರಹಗಳು ಅವರ ಮನಸ್ಸನ್ನು ಸೆಳೆದವು. ಮುಂದೆ ಮೈಸೂರು ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾದರು. 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು.

1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಅವರು ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆ ನಮ್ಮ ನಾಡಿನವರೆಗೂ ಹಬ್ಬಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಅಲ್ಲಿ ಚಕ್ರವರ್ತಿಯ ಮಾತಿನ ಕೊನೆಯಲ್ಲಿ, ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕಟ್ಟಿಸಿದವರ ಹೆಸರಷ್ಟೇ ಅಲ್ಲ, ಕೈಯಿಂದ ದುಡಿದವರ ಹೆಸರನ್ನೂ ಕಲ್ಲು ಉಳಿಸಿಕೊಳ್ಳುತ್ತದೆ. ಬೆಳಗೊಳದ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು ಮುನಿಗಳ ಕಥೆ ಕೆತ್ತಿರುವ ಜಾಲಂಧ್ರದ ಮೇಲೆ ದಾಸೋಜನೆಂಬ ಶಿಲ್ಪಿಯ ಹೆಸರಿದೆ.

ಸುಮಾರು 9,000 ಶಾಸನಗಳನ್ನು 12 ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೇರಿಸಿ, ರೈಸ್ ಅವರು 1906ರಲ್ಲಿ ನಿವೃತ್ತರಾದರು. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು ಅದೇ ಬೆಳಗೊಳದಲ್ಲಿ ಮತ್ತೆ ಹುಡುಕಿದರು. 1923ರ ಅವರ ಆವೃತ್ತಿಯಲ್ಲಿ ಸಂಖ್ಯೆ 500ಕ್ಕೆ ಏರಿತು. ಅಷ್ಟೊಂದು ಬರಹಗಳು ಕಣ್ಣೆದುರಿಗೇ ಇದ್ದೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ. 1927ರಲ್ಲಿ ರೈಸ್ ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಬೇರೆ ಧರ್ಮದಲ್ಲಿ ಹುಟ್ಟಿದ ಇವರು ನಮ್ಮ ಹಿರಿಯರ ಹೆಸರುಗಳನ್ನು ಉಳಿಸಿಕೊಟ್ಟರು. ನಾವು ಜೀರ್ಣೋದ್ಧಾರದ ಭಕ್ತಿಯಲ್ಲಿ ಅವನ್ನು ಅಳಿಸಬಾರದು. ಹಳೆಯ ಬಸದಿಗೆ ಬಣ್ಣ ಬಳಿಯುವ, ನೆಲಕ್ಕೆ ಟೈಲ್ಸ್ ಹಾಕುವ ಮುನ್ನ ಕಂಬ, ಪೀಠ, ಚಪ್ಪಡಿಗಳನ್ನು ಒಮ್ಮೆ ನೋಡಿರಿ. ಅಕ್ಷರ ಕಂಡರೆ ಫೋಟೋ ತೆಗೆದು, ಕೆಲಸ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿರಿ. ಒಮ್ಮೆ ಉಜ್ಜಿಹೋದ ಹೆಸರನ್ನು ಯಾವ ದಾನಿಯೂ ಮರಳಿ ಬರೆಸಲಾರ.